ಮಿಲ್ಲಿನಿಂದ ಮೈಕಿನವರೆಗೆ: ದಾವಣಗೆರೆ–ಹರಿಹರದಲ್ಲಿ ಬಳಕೆಯ ಇಂಗ್ಲಿಷ್ ಬೆಳೆದ ಬಗೆ

ದಾವಣಗೆರೆ ಮತ್ತು ಹರಿಹರಗಳ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ಹತ್ತಿಯ ವ್ಯಾಪಾರ, ನೂಲಿನ ಮಿಲ್ಲುಗಳು, ಲೇತ್ ಯಂತ್ರದ ಕಾರ್ಖಾನೆ ಹಾಗೂ ಆಮೇಲೆ ಬಂದ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಚರಿತ್ರೆಯಾಗಿ ಹೇಳುವುದುಂಟು. ಇವೆಲ್ಲದರ ಜೊತೆಜೊತೆಗೇ ನಡೆದ ಇನ್ನೊಂದು ಬದಲಾವಣೆಯೆಂದರೆ, ಶಾಲೆಯಲ್ಲಿ ನಾಲ್ಕಾರು ವರ್ಷವಷ್ಟೇ ಕಳೆದ ಜನರ ಬಾಯಿಗೂ ದಿನಬಳಕೆಯ ಇಂಗ್ಲಿಷ್ ಪದಗಳು ಬಂದು ಸೇರಿದ್ದು. ಇಂದು ಮೊಬೈಲಿನಲ್ಲಿ ನಟನಟಿಯರ, ಕ್ರಿಕೆಟ್ ಆಟಗಾರರ, ಉದ್ಯಮಿಗಳ ಸಂದರ್ಶನಗಳನ್ನು ನೋಡುತ್ತ, ಕೇಳಿದ ಪದವನ್ನು ಬರೆದುಕೊಂಡು, ಅದನ್ನು ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಳ್ಳುವ ಪದ್ಧತಿ ತೀರ ಹೊಸದೆಂಬಂತೆ ಕಾಣುತ್ತದೆ. ಆದರೆ ಈ ಎರಡು ಊರುಗಳ ಮಟ್ಟಿಗೆ ಅದು ಒಂದೂವರೆ ಶತಮಾನದಿಂದ ಕಿವಿಯ ಮೂಲಕವೇ ನಡೆದುಬಂದ ಕಲಿಕೆಯ ಇತ್ತೀಚಿನ ಹಂತವೆಂದು ತಿಳಿಯುವುದು ಹೆಚ್ಚು ಸರಿ. ಬದಲಾಗಿರುವುದು ಕಲಿಸುವವರು ಯಾರು ಎಂಬುದು, ಮತ್ತು ಅದರಿಂದಾಗಿ ಕಲಿಯುವ ಪದಗಳು ಎಂಥವು ಎಂಬುದು.

ಹರಿಹರಕ್ಕೆ ಇಂಗ್ಲಿಷ್ ಮೊದಲು ಬಂದದ್ದು ದಂಡಿನ ಜೊತೆ. ತುಂಗಭದ್ರೆಯ ದಂಡೆಯ ಈ ಊರು ಮೈಸೂರು ಸೀಮೆಯ ವಾಯವ್ಯದ ಗಡಿಯಾಗಿದ್ದುದರಿಂದ ಅಲ್ಲಿ ದೇಶೀ ಕಾಲಾಳುಗಳ ಪಡೆಯೊಂದನ್ನು ಇರಿಸಲಾಗಿತ್ತು. 1865ರವರೆಗೂ ಊರಿನಿಂದ ಎರಡು ಮೈಲಿ ದೂರದಲ್ಲಿ ಆ ದಂಡು ಇತ್ತು. ಅದು ಹೊರಟುಹೋದ ಕೆಲವೇ ವರ್ಷಗಳಲ್ಲಿ, 1868ರಲ್ಲಿ, ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ಹೆದ್ದಾರಿಗಾಗಿ ತುಂಗಭದ್ರೆಗೆ ಕಮಾನುಗಳ ಸೇತುವೆ ಬಂತು, ಆ ಶತಮಾನ ಮುಗಿಯುವ ಮೊದಲೇ ರೈಲು ಹಳಿಯೂ ಬಂತು. ದಂಡು, ರಸ್ತೆ, ರೈಲುಗಳ ಸುತ್ತ ದುಡಿಯುವ ಜನರ ಮಾತಿನಲ್ಲಿ ಸೇರಿಕೊಂಡ ಪದಗಳನ್ನು ಯಾವ ಮೇಷ್ಟರೂ ಪಾಠ ಹೇಳಿ ಕಲಿಸಲಿಲ್ಲ. ಟಿಕೀಟು, ಟೇಸನ್ನು, ಗಾರ್ಡು, ಸಿಗ್ನಲ್ಲು, ಲಗೇಜು ಎಂಬಂಥ ಪದಗಳು ಕೆಲಸದ ಜೊತೆಗೇ ಬಂದು, ಕನ್ನಡದ ಉಕಾರವನ್ನು ತಗುಲಿಸಿಕೊಂಡು, ಎರಡನೆಯ ತಲೆಮಾರಿನ ಹೊತ್ತಿಗೆ ಪರಕೀಯವೆಂಬ ಗುರುತನ್ನೇ ಕಳೆದುಕೊಂಡವು. ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ ತಾಲ್ಲೂಕು ಕೇಂದ್ರಗಳಲ್ಲಿ ನಡೆಸುತ್ತಿದ್ದ ಆಂಗ್ಲೋ–ವರ್ನಾಕ್ಯುಲರ್ ಶಾಲೆಗಳು, ಅಂದರೆ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಕಲಿಸುತ್ತಿದ್ದ, ಜನರ ಬಾಯಲ್ಲಿ ‘ಎ.ವಿ. ಸ್ಕೂಲು’ ಎನಿಸಿಕೊಂಡ ಶಾಲೆಗಳು, ಬೇರೊಂದು ಇಂಗ್ಲಿಷನ್ನು ಬೆಳೆಸುತ್ತಿದ್ದವು. ಅದು ಅರ್ಜಿ, ವರದಿ, ತೀರ್ಪುಗಳ ಇಂಗ್ಲಿಷ್. ಅದನ್ನು ಓದಿದವರು ಗುಮಾಸ್ತರೋ ವಕೀಲರೋ ಆಗಿ ಊರು ಬಿಟ್ಟರು, ಇಲ್ಲವೇ ಊರಿನಲ್ಲಿಯೇ ಒಂದು ಬೇರೆ ಪಂಗಡವಾಗಿ ಉಳಿದರು.

ದಾವಣಗೆರೆಯ ದಾರಿ ವ್ಯಾಪಾರದ್ದು. ಹೈದರ್ ಅಲಿ ಈ ಸ್ಥಳವನ್ನು ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದು ಗೆಜೆಟಿಯರುಗಳು ಹೇಳುತ್ತವೆ. ಕಂಬಳಿ, ಧಾನ್ಯ, ಹತ್ತಿಗಳ ಪೇಟೆಯಾಗಿ ಬೆಳೆದ ಊರಿನಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಮಾರವಾಡಿ ಮಾತುಗಳೆಲ್ಲ ಕೇಳಿಬರುತ್ತಿದ್ದವು. ಒಂದು ಭಾಷೆಯಲ್ಲಿ ಬದುಕುತ್ತ ಮತ್ತೊಂದರಲ್ಲಿ ವ್ಯವಹಾರ ಮಾಡುವುದು ಮಂಡಿಪೇಟೆಯ ಅಂಗಡಿಗಳಿಗೆ ವಿಶೇಷವೇನೂ ಆಗಿರಲಿಲ್ಲ. 1930ರ ದಶಕದ ಕೊನೆಯ ಭಾಗದಿಂದ ಮುಂದೆ ಇಲ್ಲಿ ದಾವಣಗೆರೆ ಕಾಟನ್ ಮಿಲ್ಸ್, ಚಂದ್ರೋದಯ ಮಿಲ್ಸ್, ಶಂಕರ್ ಟೆಕ್ಸ್‌ಟೈಲ್ ಮಿಲ್ಸ್, ಆಂಜನೇಯ ಕಾಟನ್ ಮಿಲ್ಸ್ ಮುಂತಾದವು ಒಂದೊಂದಾಗಿ ತಲೆಯೆತ್ತಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಸುತ್ತಲಿನ ಹಳ್ಳಿಗಳಿಂದ ಬಂದು ಮಿಲ್ಲು ಸೇರಿದವರ ಮಾತಿಗೆ ಬಾಬಿನ್, ಸ್ಪಿಂಡಲ್, ಕಾರ್ಡಿಂಗ್, ರಿಂಗ್ ಫ್ರೇಮ್‌ಗಳ ಜೊತೆಗೆ ಫಸ್ಟ್ ಶಿಫ್ಟು, ನೈಟ್ ಶಿಫ್ಟು, ಓವರ್‌ಟೈಮು, ಬೋನಸ್ಸು, ಲಾಕೌಟು, ಯೂನಿಯನ್ನುಗಳೂ ಬಂದವು. ಜಾಬರ್ ಎಂಬ ಹುದ್ದೆ, ಅಂದರೆ ಯಂತ್ರದ ಒಂದು ಸಾಲಿನ ಆಳುಗಳ ಮೇಲ್ವಿಚಾರಣೆಯನ್ನೂ ಯಂತ್ರದ ಸಣ್ಣಪುಟ್ಟ ದುರಸ್ತಿಯನ್ನೂ ನೋಡಿಕೊಳ್ಳುವ ಹಿರಿಯ ಕೆಲಸಗಾರನ ಹುದ್ದೆ, ಈ ಪದಗಳು ಮೇಲಿನಿಂದ ಕೆಳಕ್ಕಿಳಿಯುವ ಮೆಟ್ಟಿಲಾಗಿತ್ತು: ಮ್ಯಾನೇಜರನ ಬಾಯಿಂದ ಹೊರಟ ಪದ ಜಾಬರನ ಬಾಯಲ್ಲಿ ಅರ್ಧ ಕನ್ನಡವಾಗಿ ಕೆಲಸಗಾರನ ಕಿವಿಗೆ ಬೀಳುತ್ತಿತ್ತು.

ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಈ ಕಲಿಕೆಯನ್ನು ಇನ್ನೂ ಸೂಕ್ಷ್ಮವಾದ ಮಟ್ಟಕ್ಕೆ ಒಯ್ದಿತು. ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತ ಉಳಿಯಂಥ ಸಾಧನದಿಂದ ಕೊರೆದು ಬೇಕಾದ ಆಕಾರಕ್ಕೆ ತರುವ ಯಂತ್ರ. ಬೇರೆ ಯಂತ್ರಗಳನ್ನು ಹೆರುವ ಈ ಮೂಲಯಂತ್ರವನ್ನೇ ಕಟ್ಟುವ ಕಾರ್ಖಾನೆಯಲ್ಲಿ ಟರ್ನರ್, ಫಿಟ್ಟರ್, ಗ್ರೈಂಡರ್ ಎಂದು ಹೆಸರಾದ ಕೆಲಸಗಾರರು ಚಕ್, ಟೇಲ್‌ಸ್ಟಾಕ್, ವರ್ನಿಯರ್, ಮೈಕ್ರೋಮೀಟರ್, ಟಾಲರೆನ್ಸ್ ಮೊದಲಾದ ಪದಗಳನ್ನು ಕೈಯಿಂದಲೇ ತಿಳಿದರು. ಟಾಲರೆನ್ಸ್ ಎಂದರೆ ಅಳತೆಯಲ್ಲಿ ಸೈರಿಸಬಹುದಾದ ವ್ಯತ್ಯಾಸವೆಂದು ಪುಸ್ತಕದಲ್ಲಿ ಓದದಿದ್ದವರಿಗೂ, ಒಂದು ಕೂದಲೆಳೆಯಷ್ಟು ಹೆಚ್ಚಾದರೆ ತುಂಡು ‘ರಿಜೆಕ್ಟ್’ ಆಗುತ್ತದೆಂಬುದು ಸ್ಪಷ್ಟವಾಗಿ ಗೊತ್ತಿತ್ತು. ಮುಂದೆ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂದಾಗ ಪಲ್ಪ್, ಡೈಜೆಸ್ಟರ್, ಎಫ್ಲುಯೆಂಟ್ ಮುಂತಾದ ಬೇರೊಂದು ಕುಲದ ಪದಗಳು ಸೇರಿದವು. ಕಾರ್ಖಾನೆಯ ನೀರು ನದಿಗೆ ಸೇರುವ ಬಗೆಗೆ ಎದ್ದ ವಿವಾದಗಳಿಂದಾಗಿ ಪೊಲ್ಯೂಶನ್ ಎಂಬ ಪದ ಮೀನುಗಾರರ ಮಾತಿಗೂ ಇಳಿಯಿತು.

ಈ ಮೊದಲ ಹಂತದ ಪದಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ. ಅವು ಬಹುಪಾಲು ವಸ್ತು, ಹುದ್ದೆ, ಸಮಯ, ಹಣಗಳ ಹೆಸರುಗಳು. ಕನ್ನಡ ವಾಕ್ಯದ ಒಳಗೆ ನಾಮಪದವಾಗಿ ಕೂತು, ಕನ್ನಡದ ವಿಭಕ್ತಿಯನ್ನು ಹಚ್ಚಿಕೊಂಡು, ‘ಮಾಡು’, ‘ಆಗು’, ‘ಕೊಡು’ಗಳ ನೆರವಿನಿಂದ ಕ್ರಿಯೆಯಾಗುವ ಈ ಪದಗಳಿಂದ ಒಬ್ಬ ಕೆಲಸಗಾರ ತನ್ನ ಯಂತ್ರದ ಬಗ್ಗೆ ನಿಖರವಾಗಿ ಹೇಳಬಲ್ಲವನಾಗಿದ್ದ. ತನ್ನ ಬಗ್ಗೆ, ತನ್ನ ಅಭಿಪ್ರಾಯ, ಅಂಜಿಕೆ, ಆಸೆಗಳ ಬಗ್ಗೆ ಇಂಗ್ಲಿಷಿನಲ್ಲಿ ಹೇಳಬೇಕಾದ ಪ್ರಸಂಗವೇ ಅವನಿಗೆ ಬರುತ್ತಿರಲಿಲ್ಲ. ಅದಕ್ಕೆ ಕನ್ನಡವೋ ಉರ್ದುವೋ ಇತ್ತು. ಮಿಲ್ಲಿನ ಇಂಗ್ಲಿಷನ್ನು ಬಡ ಇಂಗ್ಲಿಷೆಂದು ತಳ್ಳಿಹಾಕುವ ವಾಡಿಕೆ ಶಿಕ್ಷಿತರಲ್ಲಿದೆ. ಬೇಕಾದ ಕೆಲಸಕ್ಕೆ ಬೇಕಾದಷ್ಟನ್ನೇ, ತಪ್ಪಿಲ್ಲದ ಅರ್ಥದಲ್ಲಿ ಕಲಿತ ಈ ಪದಸಂಪತ್ತನ್ನು ಹಾಗೆ ಕರೆಯುವುದು ಅನ್ಯಾಯ.

ಇನ್ನು ಶಾಲೆ, ಕಾಲೇಜುಗಳ ಕಡೆ ನೋಡಿದರೆ, ದಾವಣಗೆರೆಯಲ್ಲಿ 1951ರಲ್ಲಿ ಇಂಜಿನಿಯರಿಂಗ್ ಕಾಲೇಜು (ಇಂದಿನ ಯು.ಬಿ.ಡಿ.ಟಿ.), 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದವು. ರಾಜನಹಳ್ಳಿ ಮನೆತನದ ದಾನದಿಂದ ಹೆಸರು ಪಡೆದ ಡಿ.ಆರ್.ಎಂ. ವಿಜ್ಞಾನ ಕಾಲೇಜು ಸುತ್ತಲಿನ ಹಳ್ಳಿಯ ಮಕ್ಕಳಿಗೆ ಪದವಿಯ ಬಾಗಿಲು ತೆರೆಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಿಂದ ಮಾತ್ರ ಇಂಗ್ಲಿಷ್ ಅಕ್ಷರ ಕಂಡು, ರೆನ್ ಮತ್ತು ಮಾರ್ಟಿನ್ ಬರೆದ ವ್ಯಾಕರಣದ ಪುಸ್ತಕದಲ್ಲಿ ಕರ್ತರಿ–ಕರ್ಮಣಿ ಪ್ರಯೋಗಗಳನ್ನು ಬದಲಿಸುವ ಅಭ್ಯಾಸ ಮಾಡಿದ ಹುಡುಗ ಅಥವಾ ಹುಡುಗಿ, ಕಾಲೇಜಿನಲ್ಲಿ ಬೇರೆ ರಾಜ್ಯದ ಸಹಪಾಠಿಯ ಎದುರು ‘ಊಟ ಆಯಿತೇ’ ಎಂದು ಕೇಳಲು ತಡವರಿಸುವುದು ಈ ಊರಿನ ಎರಡು ಮೂರು ತಲೆಮಾರುಗಳ ಅನುಭವ. ವ್ಯಾಕರಣ ತಿಳಿದೂ ಮಾತು ಬಾರದಿರುವ ಈ ಸ್ಥಿತಿಯನ್ನು ಭಾಷಾಬೋಧಕರು ಬಹಳ ಹಿಂದೆಯೇ ಗುರುತಿಸಿದ್ದರು. ಬಂಗಾಳದಲ್ಲಿ ಅಧ್ಯಾಪಕರಾಗಿದ್ದ ಮೈಕೆಲ್ ವೆಸ್ಟ್ 1920ರ ದಶಕದಲ್ಲಿಯೇ, ಕಲಿಯುವವರಿಗೆ ಎಲ್ಲ ಪದಗಳನ್ನೂ ಸುರಿಯದೆ ಅತಿ ಹೆಚ್ಚು ಬಳಕೆಯಾಗುವ ಪದಗಳನ್ನು ಆಯ್ದು ಮೊದಲು ಕೊಡಬೇಕೆಂದು ವಾದಿಸಿ, ಮುಂದೆ 1953ರಲ್ಲಿ ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿಯೊಂದನ್ನು ಪ್ರಕಟಿಸಿದರು. ಇದಕ್ಕೆ ಬಳಕೆಯ ಆವೃತ್ತಿ ಎಂಬ ತತ್ತ್ವ ಆಧಾರ: ಯಾವುದೇ ಭಾಷೆಯಲ್ಲಿ ಕೆಲವೇ ಪದಗಳು ಪದೇ ಪದೇ ಬರುತ್ತವೆ, ಉಳಿದ ಅಸಂಖ್ಯ ಪದಗಳು ಅಪರೂಪಕ್ಕೆ ತಲೆದೋರುತ್ತವೆ. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಡ್ಯಾಫೊಡಿಲ್ ಹೂವಿಗೆ ದೊರೆತ ಮರ್ಯಾದೆ ಚಿಲ್ಲರೆ ಕೇಳುವ ವಾಕ್ಯಕ್ಕೆ ದೊರೆಯಲಿಲ್ಲ.

ಪುಸ್ತಕದ ಇಂಗ್ಲಿಷ್ ಮತ್ತು ಕೆಲಸದ ಇಂಗ್ಲಿಷ್‌ಗಳ ನಡುವಿನ ಈ ಖಾಲಿ ಜಾಗವನ್ನು ತುಂಬಿದ್ದು ಮನರಂಜನೆ. ಟಿ.ಪಿ. ಕೈಲಾಸಂ ‘ಟೊಳ್ಳುಗಟ್ಟಿ’ಯಿಂದ ಮೊದಲುಗೊಂಡು ತಮ್ಮ ನಾಟಕಗಳಲ್ಲಿ ಕನ್ನಡ–ಇಂಗ್ಲಿಷ್ ಬೆರಕೆ ಮಾತನ್ನು ರಂಗಕ್ಕೆ ತಂದಿದ್ದರು, ಹವ್ಯಾಸಿ ತಂಡಗಳ ಮೂಲಕ ಅದು ಊರೂರಿಗೆ ಹರಡಿತು. ದಾವಣಗೆರೆಯಾದರೋ ವೃತ್ತಿರಂಗಭೂಮಿಯ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಮತ್ತು ಅದನ್ನು ಮುಂದೆ ಬೆಳಗಿಸಿದ ಚಿಂದೋಡಿ ಲೀಲಾ ಅವರ ಹೆಸರು ಉತ್ತರ ಕರ್ನಾಟಕದ ಜಾತ್ರೆಗಳಲ್ಲೆಲ್ಲ ಪರಿಚಿತವಾಗಿತ್ತು. ಕಂಪನಿ ನಾಟಕದ ಹಾಸ್ಯಪಾತ್ರಗಳಲ್ಲಿ ತಪ್ಪು ಇಂಗ್ಲಿಷ್ ಮಾತನಾಡುವ ಪಟ್ಟಣದ ಷೋಕಿಲಾಲ ಒಬ್ಬ ಕಾಯಂ ಅತಿಥಿ. ಅವನ ತಪ್ಪಿಗೆ ನಗಬೇಕಾದರೆ ಪ್ರೇಕ್ಷಕನಿಗೆ ಸರಿಯಾದ ರೂಪ ಅಷ್ಟಿಷ್ಟಾದರೂ ಗೊತ್ತಿರಬೇಕು, ಗೊತ್ತಿಲ್ಲದವನು ಪಕ್ಕದವನ ನಗೆಯಿಂದ ತಿಳಿದುಕೊಳ್ಳಬೇಕು. ಹೀಗೆ ಹಾಸ್ಯವೂ ಒಂದು ಪಾಠವಾಯಿತು. ಸಿನಿಮಾ ಅದನ್ನೇ ಇನ್ನಷ್ಟು ದೂರ ಒಯ್ದಿತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜಕುಮಾರ್ ಅವರು ಇಂಗ್ಲಿಷ್ ಹಾಡೊಂದನ್ನು ತಾವೇ ಹಾಡಿದಾಗ, ಹೆಚ್ಚು ಶಾಲೆ ಕಾಣದ ನಟನೊಬ್ಬ ಇಂಗ್ಲಿಷನ್ನು ಹಾಡಬಲ್ಲನಾದರೆ ತಾವೇಕೆ ಬಾಯಿ ಬಿಡಬಾರದೆಂದು ಅಭಿಮಾನಿಗಳಿಗೆ ಅನ್ನಿಸಿದ್ದರೆ ಅಚ್ಚರಿಯಿಲ್ಲ.

ಇದಕ್ಕಿಂತ ಆಳವಾದ ಪರಿಣಾಮ ರೇಡಿಯೋದ್ದು. ಧಾರವಾಡದಲ್ಲಿ 1950ರಲ್ಲಿ, ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರಗಳು ಆರಂಭವಾದ ಮೇಲೆ ದಾವಣಗೆರೆ–ಹರಿಹರದ ಕಿವಿಗೆ ಎರಡು ದಿಕ್ಕಿನಿಂದಲೂ ಕನ್ನಡ ಪ್ರಸಾರ ದೊರೆಯಿತು. ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಕ್ರಿಕೆಟ್ ಟೆಸ್ಟ್ ಪಂದ್ಯಗಳ ಇಂಗ್ಲಿಷ್ ವೀಕ್ಷಕ ವಿವರಣೆ ಬೀದಿಗೆ ಬಂತು. ಪಿಯರ್ಸನ್ ಸುರಿಟಾ, ಅನಂತ್ ಸೆಟಲ್ವಾಡ್, ಸುರೇಶ್ ಸರೈಯಾ ಮೊದಲಾದವರ ದನಿಗಳನ್ನು ಅಂಗಡಿ ಕಟ್ಟೆಗಳಲ್ಲಿ ಗುಂಪುಗೂಡಿ ಕೇಳುತ್ತಿದ್ದವರಲ್ಲಿ ಪೂರ್ತಿ ವಾಕ್ಯವನ್ನು ಹಿಡಿಯಬಲ್ಲವರು ಕೆಲವರಾದರೆ, ಪದ ಪದವಾಗಿ ಹಿಡಿದು ಉಳಿದದ್ದನ್ನು ಜನಸ್ತೋಮದ ಗದ್ದಲದಿಂದ ಊಹಿಸುವವರೇ ಹಲವರು. ನೆರೆಯ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರ ಕಾನ್ಪುರ ಟೆಸ್ಟಿನಲ್ಲಿ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಓಟ ಗಳಿಸಿದ್ದು, 1973–74ರಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದದ್ದು ಈ ಕೇಳುಗರ ಸಂಖ್ಯೆಯನ್ನು ಹೆಚ್ಚಿಸಿದವು. ಮಿಲ್ಲು ಹೆಸರುಗಳನ್ನು ಕೊಟ್ಟಿದ್ದರೆ ವೀಕ್ಷಕ ವಿವರಣೆ ಗುಣವಾಚಕಗಳನ್ನೂ ಕ್ರಿಯಾವಿಶೇಷಣಗಳನ್ನೂ ಕೊಟ್ಟಿತು: ಬ್ರಿಲಿಯಂಟ್, ಟೈಟ್, ಲೂಸ್, ಸಾಲಿಡ್, ಸ್ಲೋಲಿ, ಸ್ಟ್ರೇಟ್. ಕಣ್ಣಿಗೆ ಕಾಣದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕಾದ ಕಲೆಯಾದ್ದರಿಂದ ಅದರ ಭಾಷೆ ಸಹಜವಾಗಿಯೇ ವರ್ಣನೆಯದು.

ಸಂದರ್ಶನವೆಂಬ ಪ್ರಕಾರ, ಅಂದರೆ ಪ್ರಸಿದ್ಧರೊಬ್ಬರನ್ನು ಪ್ರಶ್ನಿಸಿ ಪ್ರಶ್ನೋತ್ತರಗಳೆರಡನ್ನೂ ಹಾಗೆಯೇ ಪ್ರಕಟಿಸುವ ಪದ್ಧತಿ, ಪತ್ರಿಕಾರಂಗದಲ್ಲಿ ಹತ್ತೊಂಬತ್ತನೆಯ ಶತಮಾನದ್ದು. ಅಮೆರಿಕದ ಸಂಪಾದಕ ಹೊರೇಸ್ ಗ್ರೀಲಿ 1859ರಲ್ಲಿ ಮಾರ್ಮನ್ ಪಂಥದ ಮುಖಂಡ ಬ್ರಿಗಮ್ ಯಂಗ್ ಜೊತೆ ನಡೆಸಿದ ಮಾತುಕತೆಯನ್ನು ಅದರ ಆರಂಭದ ಮಾದರಿಗಳಲ್ಲಿ ಒಂದಾಗಿ ಹೇಳುತ್ತಾರೆ. ಕರ್ನಾಟಕದ ಜಿಲ್ಲಾ ಊರುಗಳಿಗೆ ಅದು ಇಂಗ್ಲಿಷಿನಲ್ಲಿ ತಲುಪಿದ್ದು ಬಹುಮಟ್ಟಿಗೆ ನಿಯತಕಾಲಿಕಗಳ ಮೂಲಕ. 1978ರಲ್ಲಿ ಆರಂಭವಾದ ‘ಸ್ಪೋರ್ಟ್‌ಸ್ಟಾರ್’ ಪತ್ರಿಕೆಯಲ್ಲಿ ಆಟಗಾರರ ಸಂದರ್ಶನಗಳಿದ್ದವು, ‘ಕಾಂಪಿಟಿಷನ್ ಸಕ್ಸೆಸ್ ರಿವ್ಯೂ’ ಮಾಸಿಕದಲ್ಲಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮೇಲ್ದರ್ಜೆ ಪಡೆದವರ ಸಂದರ್ಶನಗಳಿದ್ದವು. ಎರಡನೆಯದನ್ನು ಓದುತ್ತಿದ್ದವರು ಉತ್ತರಗಳ ವಿಚಾರಕ್ಕಿಂತ ಉತ್ತರಿಸುವ ರೀತಿಯನ್ನೇ ಹೆಚ್ಚಾಗಿ ಕಂಠಪಾಠ ಮಾಡುತ್ತಿದ್ದರೆಂದರೆ ತಪ್ಪಾಗದು.

ಈ ಚರಿತ್ರೆಯಲ್ಲಿ ಕಪಿಲ್ ದೇವ್ ಅವರಿಗೆ ಒಂದು ವಿಶೇಷ ಸ್ಥಾನವಿದೆ. 1983ರ ವಿಶ್ವಕಪ್ ಗೆದ್ದ ನಾಯಕ ಹರಿಯಾಣದವರು; ತಮ್ಮ ಇಂಗ್ಲಿಷ್ ಕಾನ್ವೆಂಟಿನದಲ್ಲವೆಂದು ಬಹಿರಂಗವಾಗಿಯೇ ಹೇಳಿಕೊಂಡವರು. ದೆಹಲಿಯ ಪುಸ್ತಕ್ ಮಹಲ್ ಪ್ರಕಟಿಸಿದ ‘ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್’ ಪುಸ್ತಕದ ಜಾಹೀರಾತುಗಳಲ್ಲಿ ಅವರ ಚಿತ್ರ ಬಂದಾಗ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿದ್ದ ಆ ದಪ್ಪ ಪುಸ್ತಕ ಬಸ್ ನಿಲ್ದಾಣದ ಅಂಗಡಿಗಳವರೆಗೂ ಬಂತು. ಇಂಗ್ಲಿಷಿನ ಪ್ರಾಧ್ಯಾಪಕರ ಬದಲು, ಮೈಕಿನ ಮುಂದೆ ತಡವರಿಸಿ ಮಾತು ಕಲಿತ ಆಟಗಾರ ಆ ಪುಸ್ತಕಕ್ಕೆ ಮುಖವಾದದ್ದು ವ್ಯಾಪಾರದ ಜಾಣತನವೇ ಇರಬಹುದು. ಆದರೆ ಇಂಗ್ಲಿಷ್ ಹುಟ್ಟಿನಿಂದ ಬರುವ ಮರ್ಯಾದೆಯೆಂಬ ಭಾವನೆಗೆ ಅದು ಕೊಟ್ಟಷ್ಟು ಪೆಟ್ಟನ್ನು ಯಾವ ಶಿಕ್ಷಣ ಆಯೋಗವೂ ಕೊಟ್ಟಿರಲಾರದು.

ದೂರದರ್ಶನದಲ್ಲಿ ತಬಸ್ಸುಮ್ ಅವರು 1972ರಿಂದ ನಡೆಸಿದ ತಾರಾ ಸಂದರ್ಶನಗಳ ಕಾರ್ಯಕ್ರಮ ಹಿಂದಿಯದು. 1981ರಲ್ಲಿ ಬೆಂಗಳೂರು ಕೇಂದ್ರ ಆರಂಭವಾಗಿ, ಆ ದಶಕದ ನಡುಭಾಗದಲ್ಲಿ ಕಡಿಮೆ ಶಕ್ತಿಯ ಪ್ರಸಾರ ಗೋಪುರಗಳು ಜಿಲ್ಲೆಗಳಿಗೆ ಬಂದಾಗ, ಪಂದ್ಯ ಮುಗಿದ ಮೇಲಿನ ಬಹುಮಾನ ಸಮಾರಂಭದಲ್ಲಿ ನಾಯಕರಿಗೆ ಕೇಳುವ ಎರಡು ಮೂರು ಪ್ರಶ್ನೆಗಳೇ ಇಲ್ಲಿಯ ಮನೆಗಳಿಗೆ ಬಂದ ಮೊದಲ ಇಂಗ್ಲಿಷ್ ಸಂದರ್ಶನಗಳೆನ್ನಬಹುದು. 1990ರ ದಶಕದಲ್ಲಿ ಕೇಬಲ್ ಬಂದು ಉಪಗ್ರಹ ವಾಹಿನಿಗಳು ತೆರೆದುಕೊಂಡವು. 1997ರಲ್ಲಿ ಸಿಮಿ ಗರೆವಾಲ್, 2004ರಲ್ಲಿ ಕರಣ್ ಜೋಹರ್ ತಾರೆಯರನ್ನು ಸೋಫಾದ ಮೇಲೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿಯೇ ಮಾತನಾಡಿಸತೊಡಗಿದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2005ರಲ್ಲಿ ಅಮೆರಿಕದ ಡೇವಿಡ್ ಲೆಟರ್‌ಮನ್ ಅವರ ಕಾರ್ಯಕ್ರಮದಲ್ಲಿ ಕೂತು ಚುರುಕಾಗಿ ಉತ್ತರ ಕೊಟ್ಟದ್ದು ಕರಾವಳಿಯಾಚೆಗೂ ಸುದ್ದಿಯಾಯಿತು.

ಕಾಲದ ಈ ಹೊಂದಿಕೆಯನ್ನು ಗಮನಿಸಬೇಕು. ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದು, ಹೊಸ ಶತಮಾನದ ಆರಂಭದ ಹೊತ್ತಿಗೆ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋದದ್ದು, ಮತ್ತು ಇಂಗ್ಲಿಷ್ ಸಂದರ್ಶನಗಳು ಮನೆಮನೆಯ ಪರದೆಗೆ ಬಂದದ್ದು ಹೆಚ್ಚು ಕಡಿಮೆ ಒಂದೇ ಅವಧಿಯಲ್ಲಿ. ಮಿಲ್ಲಿನ ಕೆಲಸಕ್ಕೆ ಕೈ ನೋಡಿ ಸೇರಿಸಿಕೊಳ್ಳುತ್ತಿದ್ದರು; ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಕಾಲ್ ಸೆಂಟರ್, ಖಾಸಗಿ ಬ್ಯಾಂಕು ಮಾತು ಕೇಳಿ ಸೇರಿಸಿಕೊಳ್ಳುತ್ತಿದ್ದವು. ಕಾಲೇಜಿಗೇ ಬಂದು ಕಂಪನಿಗಳು ನಡೆಸುವ ಆಯ್ಕೆಗೆ ಕ್ಯಾಂಪಸ್ ಇಂಟರ್‌ವ್ಯೂ ಎಂಬ ಹೆಸರು ಬಂತು. ಅಲ್ಲಿ ಮೊದಲ ಪ್ರಶ್ನೆಯೇ ‘ನಿಮ್ಮ ಬಗ್ಗೆ ಹೇಳಿ’ ಎಂಬುದು. ಹಿಂದಿನ ತಲೆಮಾರು ಇಂಗ್ಲಿಷಿನಲ್ಲಿ ಎಂದೂ ಹೇಳಬೇಕಾಗಿರದ ಸಂಗತಿ ಇದೇ ಆಗಿತ್ತು. ತನ್ನ ಹಿನ್ನೆಲೆ, ಸೋಲು, ಗುರಿ, ಬಲ, ದೌರ್ಬಲ್ಯಗಳನ್ನು ಅಳುಕಿಲ್ಲದೆ ಹೇಳಲು ಬೇಕಾದ ಬ್ಯಾಕ್‌ಗ್ರೌಂಡ್, ಸ್ಟ್ರಗಲ್, ಚಾಲೆಂಜ್, ಸಪೋರ್ಟ್, ಪ್ಯಾಶನ್, ಕಾನ್ಫಿಡೆನ್ಸ್ ಎಂಬ ಪದಗಳೂ, ಯೋಚಿಸಲು ಒಂದು ಕ್ಷಣ ಬಿಡುವು ಕೊಡುವ ಆಕ್ಚುವಲಿ, ಬೇಸಿಕಲಿ, ಡೆಫಿನೆಟ್ಲಿ ಎಂಬ ಊರುಗೋಲುಗಳೂ ತಾರೆಯರ ಸಂದರ್ಶನಗಳಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಉದ್ಯೋಗದ ಸಂದರ್ಶನಕ್ಕೆ ತಾರೆಯ ಸಂದರ್ಶನ ತಾಲೀಮಾಯಿತು. ಪಿ.ಜೆ. ಬಡಾವಣೆ, ವಿದ್ಯಾನಗರಗಳ ಗೋಡೆಗಳ ಮೇಲೆ ಸ್ಪೋಕನ್ ಇಂಗ್ಲಿಷ್ ತರಗತಿಗಳ ಫಲಕಗಳು ಹೆಚ್ಚಿದ್ದೂ ಈ ಹಿನ್ನೆಲೆಯಲ್ಲಿಯೇ.

ದೂರದ ತಾರೆಯರ ಜಾಗಕ್ಕೆ ಊರಿನವರೇ ಬಂದಾಗ ಈ ಕಲಿಕೆಗೆ ಇನ್ನೊಂದು ಬಗೆಯ ಧೈರ್ಯ ಸೇರಿತು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಸಿಕೊಂಡ ವೇಗದ ಬೌಲರ್ ಆರ್. ವಿನಯ್ ಕುಮಾರ್ 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿ, 2010ರಲ್ಲಿ ಭಾರತ ತಂಡ ಸೇರಿ, 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಟೆಸ್ಟ್ ಆಡಿದವರು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ತಮಿಳುನಾಡಿನ ಎದುರು ನಡೆದ ಎರಡನೆಯ ಫೈನಲ್‌ನಲ್ಲಿ ಅವರು ಐದು ವಿಕೆಟ್ ಪಡೆದು ಶತಕವನ್ನೂ ಹೊಡೆದರು. ನಾಯಕನಾದವನು ಟಾಸ್ ಹಾಕುವಾಗ, ಪಂದ್ಯ ಮುಗಿದಾಗ, ಪತ್ರಿಕಾಗೋಷ್ಠಿಯಲ್ಲಿ ಮಾತನಾಡಲೇಬೇಕು. ಈ ಮಾತುಗಳ ರಚನೆ ಬಹುಮಟ್ಟಿಗೆ ನಿಗದಿಯಾದದ್ದು: ವಿಕೆಟ್ಟಿನ ಸ್ಥಿತಿ, ಹುಡುಗರ ಎಫರ್ಟ್, ಜೊತೆಯಾಟದ ಪಾರ್ಟ್‌ನರ್‌ಶಿಪ್, ಒತ್ತಡದ ಪ್ರೆಶರ್, ಗೆಲುವಿನ ಕ್ರೆಡಿಟ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ; ವಿಷಯ ಮೊದಲೇ ಗೊತ್ತಿರುತ್ತದೆ, ವಾಕ್ಯಗಳು ಚಿಕ್ಕವು, ಪದಗಳು ಪಂದ್ಯದಿಂದ ಪಂದ್ಯಕ್ಕೆ ಮರಳಿ ಬರುತ್ತವೆ, ಮತ್ತು ಹೇಳುತ್ತಿರುವ ದನಿ ಪಕ್ಕದ ಬೀದಿಯದು.

ಇಲ್ಲಿ ಜೆ.ಎಚ್. ಪಟೇಲರನ್ನೂ ನೆನೆಯುವುದು ಅಪ್ರಸ್ತುತವಲ್ಲ. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಅವರು 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿ ಹೆಸರಾದವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದೂ ಅವರು ಮುಖ್ಯಮಂತ್ರಿಯಾಗಿದ್ದಾಗಲೇ. ಅಂಥವರೇ ಇಂಗ್ಲಿಷ್ ಪತ್ರಕರ್ತರ ಪ್ರಶ್ನೆಗಳಿಗೆ ಯಾವ ಮುಲಾಜೂ ಇಲ್ಲದೆ, ಮುಖ್ಯಮಂತ್ರಿಗಳು ಸಾಮಾನ್ಯವಾಗಿ ಹೇಳದಿರುವುದನ್ನೂ ಹೇಳಿಬಿಡುತ್ತಿದ್ದರು. ಕನ್ನಡದ ಹಕ್ಕಿಗೆ ನಿಲ್ಲುವುದಕ್ಕೂ ಇಂಗ್ಲಿಷನ್ನು ಸಲೀಸಾಗಿ ಬಳಸುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿ ಬೇಡ. ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಇಂಗ್ಲಿಷ್ ಸಂದರ್ಶನಗಳು ಮತ್ತೊಂದು ಮಾದರಿ. ಉತ್ತರ ಕರ್ನಾಟಕದ ರಾಗವನ್ನು ಮರೆಮಾಚದ, ಕಥೆ ಹೇಳುವ ಧಾಟಿಯ ಅವರ ಮಾತುಗಳಲ್ಲಿ ಬಳಕೆಯ ಪದಗಳೇ ಹೆಚ್ಚು, ಅಪರೂಪದ ಪದ ಬಂದರೂ ಕಥೆಯ ಜಾಡಿನಲ್ಲಿ ಅದರ ಅರ್ಥ ತಿಳಿಯುತ್ತದೆ. ಸಂದರ್ಶನದಿಂದ ಕಲಿಯಬಯಸುವವರು ಮುಂಬಯಿಯ ಸೋಫಾಗಳಿಗಿಂತ ಮೊದಲು ಇಂಥವನ್ನು ಕೇಳುವುದು ಲೇಸು.

ಕನ್ನಡ ವಾಹಿನಿಗಳ ಸಂದರ್ಶನಗಳೂ ಇಂಗ್ಲಿಷ್ ಕಲಿಸುತ್ತವೆಂಬುದು ಸ್ವಲ್ಪ ವಿಚಿತ್ರವಾದರೂ ನಿಜ. 2014ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಕಾರ್ಯಕ್ರಮದ ಹೆಸರಿನಿಂದಲೇ ಇದು ಗೊತ್ತಾಗುತ್ತದೆ. ಸಾಧಕರ ಬದುಕನ್ನು ಬಾಲ್ಯದಿಂದ ಬಿಡಿಸಿಡುವ ಈ ಬಗೆಯ ಕಾರ್ಯಕ್ರಮಗಳಲ್ಲಿ ಮಾತು ಕನ್ನಡದ್ದೇ. ಆದರೆ ಭಾವನೆ ತೀವ್ರವಾದಾಗಲೋ ವೃತ್ತಿಯ ವಿಷಯ ಬಂದಾಗಲೋ ಮಾತುಗಾರರು ಇಂಗ್ಲಿಷ್ ಪದಕ್ಕೆ ಹೊರಳುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ಭಾಷೆಗಳ ನಡುವೆ ಹೀಗೆ ಓಡಾಡುವುದನ್ನು ಭಾಷಾಶಾಸ್ತ್ರಜ್ಞರು ಸಂಕೇತ ಪಲ್ಲಟ ಎನ್ನುತ್ತಾರೆ. ನೋಡುಗರಿಗೆ ಸುತ್ತಲಿನ ಕನ್ನಡವೇ ಆ ಪದದ ಟೀಕೆಯಾಗಿ ಒದಗುವುದರಿಂದ ನಿಘಂಟಿನ ಅಗತ್ಯ ಬೀಳುವುದಿಲ್ಲ. ಕನ್ನಡದ ದೃಷ್ಟಿಯಿಂದ ಇದು ಲಾಭವೋ ನಷ್ಟವೋ ಎಂಬ ವಾದ ಬೇರೆ. ‘ಹೋರಾಟ’ ಇರುವಲ್ಲಿ ‘ಸ್ಟ್ರಗಲ್’ ಬಂದು ಕೂತರೆ ಪದವೊಂದು ಬಂದಷ್ಟೇ ಖಚಿತವಾಗಿ ಪದವೊಂದು ಹೊರಹೋಗುತ್ತದೆ.

2016ರಲ್ಲಿ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಸಂದರ್ಶನವನ್ನು ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಅಡಿಬರಹ ಹಾಕಿಕೊಂಡು ನೋಡುವ ಅನುಕೂಲ ಬಂತು. ಕೇಳಿದ ವಾಕ್ಯವನ್ನು ಅದೇ ಏರಿಳಿತದಲ್ಲಿ ಕೂಡಲೇ ಹಿಂಬಾಲಿಸಿ ಹೇಳುವ ಅಭ್ಯಾಸಕ್ಕೆ ಬೋಧಕರು ಶ್ಯಾಡೋಯಿಂಗ್ ಎನ್ನುತ್ತಾರೆ. ಕಲಿಯುವ ಉದ್ದೇಶವಿಲ್ಲದೆ, ವಿಷಯದ ಆಸಕ್ತಿಯಿಂದ ಕೇಳುತ್ತಿರುವಾಗಲೇ ಪದಗಳು ಮನಸ್ಸಿನಲ್ಲಿ ನಿಲ್ಲುವುದಕ್ಕೆ ಪ್ರಾಸಂಗಿಕ ಕಲಿಕೆ ಎಂಬ ಹೆಸರಿದೆ. ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ ಎಂಬ ಸಂಶೋಧಕರು 88 ಇಂಗ್ಲಿಷ್ ಟೀವಿ ಕಾರ್ಯಕ್ರಮಗಳ ಮಾತನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 3000 ಪದಕುಟುಂಬಗಳು, ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು, ಹಾಗೂ ಅಂಕಿತನಾಮಗಳು ಗೊತ್ತಿದ್ದರೆ ಅಂಥ ಮಾತಿನ 95 ಪ್ರತಿಶತ ಪದಗಳು ಪರಿಚಿತವಾಗಿರುತ್ತವೆ. ತೀರ ಆರಂಭದ ಕಲಿಕೆಯವರಿಗೆ ಇದು ಸಣ್ಣ ಮೊತ್ತವಲ್ಲ. ಮೊದಲ ಸಾವಿರ ಪದಗಳಿಗೆ ಇನ್ನೂ ಶಾಲೆಯೇ ಗತಿ. ಸಂದರ್ಶನ ಕೆಲಸಕ್ಕೆ ಬರುವುದು ಆಮೇಲೆ. 2007–08ರಿಂದ ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದರಿಂದ ಈ ತಳಹದಿ ಹಿಂದಿಗಿಂತ ಹೆಚ್ಚು ಮಕ್ಕಳಿಗೆ ದೊರೆಯುವ ಸಾಧ್ಯತೆ ಉಂಟಾಯಿತು.

ಈ ದಾರಿಯ ಮಿತಿಯೂ ಅದರ ಸ್ವಭಾವದಲ್ಲಿಯೇ ಇದೆ. ತಾರೆಯರು ಮಾತನಾಡುವುದು ತಮ್ಮ ಬಗ್ಗೆ. ಆದ್ದರಿಂದ ಅವರಿಂದ ಕಲಿತವರ ಇಂಗ್ಲಿಷ್ ತನ್ನ ಬಗ್ಗೆ ಹೇಳುವಾಗ ನಿರರ್ಗಳವಾಗಿರುತ್ತದೆ, ಒಂದು ಯಂತ್ರ ಏಕೆ ಕೆಟ್ಟಿತೆಂದು ವಿವರಿಸಬೇಕಾದಾಗ, ಆಸ್ಪತ್ರೆಯಲ್ಲಿ ನೋವಿನ ಜಾಗವನ್ನು ಗುರುತಿಸಿ ಹೇಳಬೇಕಾದಾಗ, ಕರಾರುಪತ್ರದ ಷರತ್ತನ್ನು ಓದಬೇಕಾದಾಗ ನಿಂತುಬಿಡುತ್ತದೆ. ಮಿಲ್ಲಿನ ಕೆಲಸಗಾರನ ಇಂಗ್ಲಿಷಿನಲ್ಲಿ ಇದ್ದುದು ಇಲ್ಲಿಲ್ಲ, ಇಲ್ಲಿರುವುದು ಅಲ್ಲಿರಲಿಲ್ಲ. ಎರಡನ್ನೂ ಕೂಡಿಸಿಕೊಂಡ ತಲೆಮಾರು ಈ ಊರುಗಳಲ್ಲಿ ಬರಲಿಲ್ಲ, ಏಕೆಂದರೆ ಎರಡನೆಯದು ಬರುವ ಹೊತ್ತಿಗೆ ಮೊದಲನೆಯದಕ್ಕೆ ಬೀಗ ಬಿದ್ದಿತ್ತು.

ಸಂದರ್ಶನಗಳ ಭಾಷೆ ಯೂಟ್ಯೂಬ್‌ನಲ್ಲಿ ತಾನಾಗಿಯೇ ದಾಖಲಾಗುತ್ತಿದೆ. ಮಿಲ್ಲು ಮತ್ತು ಲೇತ್ ಕಾರ್ಖಾನೆಯ ಮಾತಿಗೆ ಆ ಭಾಗ್ಯವಿಲ್ಲ; ಅದನ್ನು ಆಡುತ್ತಿದ್ದವರಿಗೆ ಈಗ ವಯಸ್ಸಾಗಿದೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ಭಾಷಾ ವಿಭಾಗಗಳ ಸಂಶೋಧಕರು ಹಾಗೂ ಎರಡೂ ಊರಿನ ಕಾಲೇಜುಗಳ ಅಧ್ಯಾಪಕರು, ನಿವೃತ್ತ ಜಾಬರ್, ಟರ್ನರ್, ಫಿಟ್ಟರ್‌ಗಳ ಮುಂದೆಯೇ ಒಂದು ಮೈಕ್ ಇಟ್ಟು, ಅವರ ಸಂದರ್ಶನ ಮಾಡಿ, ಅವರ ಬಾಯಲ್ಲಿ ಇಂಗ್ಲಿಷ್ ಪದಗಳು ಪಡೆದ ಉಚ್ಚಾರಣೆ ಮತ್ತು ಅರ್ಥಗಳ ಪಟ್ಟಿಯೊಂದನ್ನು ಇನ್ನು ತಡಮಾಡದೆ ಸಿದ್ಧಪಡಿಸಬೇಕು.